ಹಗಲಿನ ಆಕಾಶ

ಅಜ್ಜಂಪುರದ ನಮ್ಮ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಜಾಗ ಬಿಟ್ಟು ಕದಲುವಂತಿರಲಿಲ್ಲ. ಹಂಡೆಯ ಪಕ್ಕದ ಚೊಂಬು, ಒಲೆಯ ಬಲಗಡೆ ಒರಗಿಸಿಟ್ಟ ಮುದ್ದೆ ಕೋಲು, ಉಪ್ಪಿನ ಮಡಕೆ, ಗೋಡೆಯ ಗೂಡಿನಲ್ಲಿ ಬೆಂಕಿಪೊಟ್ಟಣ, ಎಲ್ಲಕ್ಕೂ ಅದರದರ ಜಾಗ. ಬೇರೆ ಯಾವುದಕ್ಕೂ ದನಿ ಎತ್ತದ ಅಮ್ಮ, ಯಾರಾದರೂ ಚೊಂಬನ್ನು ಒಂದು ಗೇಣು ಆಚೆ ಇಟ್ಟರೆ ಮನೆ ನಡುಗುವಂತೆ ಕೂಗಾಡುತ್ತಿದ್ದಳು. ಬಂದವರೆಲ್ಲ ಮೇಷ್ಟ್ರ ಹೆಂಡತಿಯ ಒಪ್ಪ ಓರಣವನ್ನು ಹೊಗಳಿ ಹೋಗುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಅವಳ ಅಡುಗೆ ಮುಗಿದಿರಬೇಕು. ದೀಪ ಹಚ್ಚಿದ ಮೇಲೆ ಅವಳು ಅಡುಗೆಮನೆಯ ಹೊಸ್ತಿಲು ದಾಟುತ್ತಿದ್ದುದೇ ಅಪರೂಪ. ಸಂಜೆ ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋಗಳು, ಮಠದಲ್ಲಿ ಪುರಾಣ ನಡೆದರೆ ಅದಕ್ಕೂ ಬಾರಳು. ಅವಳು ಅಜ್ಜಿಗೆ ಸೊಸೆಯಷ್ಟೇ ಅಲ್ಲ, ಖಾಸಾ ಅಣ್ಣನ ಮಗಳು. ಚೌಳಹಿರಿಯೂರಿನಿಂದ ಅಜ್ಜಿಯೇ ಮುಂದೆ ನಿಂತು ತಂದುಕೊಂಡಿದ್ದಳು. ಹಾಗಾಗಿ ಅತ್ತೆ ಸೊಸೆಯರ ಜಗಳ ನಮ್ಮ ಮನೆಯಲ್ಲಿ ಇರಲಿಲ್ಲ. ಅಮ್ಮನ ಈ ಚಾಳಿಗಳನ್ನು ಅಜ್ಜಿ ಎಂದೂ ಪ್ರಶ್ನೆ ಮಾಡಲಿಲ್ಲ. ಏಕೆ ಮಾಡಲಿಲ್ಲ ಎಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು.

ಅಪ್ಪ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರಿಗೆ ಆಕಾಶದ ಹುಚ್ಚು. ಆ ಹುಚ್ಚಿಗೆ ನಮ್ಮೂರು ತಕ್ಕ ಊರೂ ಹೌದು. ಒಂದು ಕಡೆ ದೂರದಲ್ಲಿ ಬಾಬಾಬುಡನ್ ಗಿರಿಯ ಸಾಲು, ಮಿಕ್ಕ ಕಡೆಯೆಲ್ಲ ಈರುಳ್ಳಿ ಹೊಲ, ದನ ಮೇಯುವ ಕಾವಲು, ನೆಲದವರೆಗೂ ಇಳಿದುಬಂದ ಬಾನು. ನಮ್ಮದು ಮಣ್ಣಿನ ಮಾಳಿಗೆ ಮನೆ. ಹಿತ್ತಿಲಿನಿಂದ ಏಣಿ ಹತ್ತಿದರೆ ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಚಪ್ಪಟೆ ಮಾಳಿಗೆ. ಅದೇ ಅಪ್ಪನ ಎರಡನೆಯ ಶಾಲೆ. ಶನಿವಾರ ಭಾನುವಾರದ ಸಂಜೆ ಕೇರಿಯ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದೆವು. ತರೀಕೆರೆಯ ಕನ್ನಡಕದ ಅಂಗಡಿಯಿಂದ ತಂದ ಒಂದು ಗಾಜು, ಶಾಲೆಯಲ್ಲಿ ಮುರಿದುಬಿದ್ದಿದ್ದ ಮೈಕ್ರೋಸ್ಕೋಪಿನ ಇನ್ನೊಂದು ಗಾಜು, ನಡುವೆ ತಗಡಿನ ಕೊಳವೆ, ಇಷ್ಟನ್ನು ಇಟ್ಟುಕೊಂಡು ಅಪ್ಪ ನಮ್ಮ ಕೈಯಿಂದಲೇ ದುರ್ಬೀನು ಮಾಡಿಸಿದ್ದರು. ಕೊಳವೆಯ ಒಳಗೆ ಕಪ್ಪು ಬಳಿಯಲು ಒಲೆಯ ಮಸಿಯನ್ನು ಕೆರೆದು ಕೊಟ್ಟವಳು ಅಮ್ಮ. ಅಜ್ಜಿಗೆ ಮಾತ್ರ ಮಾಳಿಗೆಯದೇ ಚಿಂತೆ.

"ತುಳಿದೂ ತುಳಿದೂ ಸೋರೋ ಹಂಗೆ ಮಾಡ್ತೀರ. ಮಳೆಗಾಲದಲ್ಲಿ ನಿಮ್ಮ ನಕ್ಷತ್ರ ಬಂದು ಪಾತ್ರೆ ಇಡ್ತವಾ?" ಎಂದು ಕೆಳಗಿನಿಂದ ಕೂಗುತ್ತಿದ್ದಳು.

ಅಪ್ಪ ನಗುತ್ತಿದ್ದರು. ಅವರು ಪಾಠ ಹೇಳುತ್ತಿರಲಿಲ್ಲ, ಬರೀ ಕೇಳುತ್ತಿದ್ದರು. ಕೃತ್ತಿಕೆಯಲ್ಲಿ ಎಷ್ಟು ಕಾಣುತ್ತವೆ, ಎಣಿಸು. ಮೃಗಶಿರದ ಹೆಗಲಿನ ನಕ್ಷತ್ರ ಹೋದ ವಾರಕ್ಕಿಂತ ಮಂಕಾಗಿದೆಯೋ, ಹಾಗೇ ಇದೆಯೋ, ನೋಡು. ಇಬ್ಬರು ಬೇರೆ ಬೇರೆ ಹೇಳಿದರೆ ಇಬ್ಬರನ್ನೂ ಮತ್ತೆ ನೋಡಿಸುತ್ತಿದ್ದರು. ಯಾರ ಉತ್ತರ ಸರಿ ಎಂದು ತಾವಾಗಿ ಹೇಳುತ್ತಿರಲಿಲ್ಲ.

"ಹೊಸ ನಕ್ಷತ್ರ, ಹೊಸ ಧೂಮಕೇತು ಮೊದಲು ಯಾರಿಗೆ ಕಾಣುತ್ತೆ ಗೊತ್ತೇನ್ರೋ? ದೊಡ್ಡ ದುರ್ಬೀನು ಇರೋರಿಗೇ ಅಂತಿಲ್ಲ. ದಿನಾ ನೋಡೋರಿಗೆ. ಮನೆ ಅಂಗಳದಲ್ಲಿ ನಿಂತ ಹುಡುಗರೂ ಕಂಡುಹಿಡಿದಿದಾರೆ. ನಾಳೆ ನಮ್ಮ ಅಜ್ಜಂಪುರದೋರಿಗೂ ಕಾಣ್ಬೋದು."

ಈ ಮಾತು ಕೇಳಿದ ರಾತ್ರಿ ನಾವು ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಆಕಾಶ ಅಲ್ಲಿಯವರೆಗೆ ದೊಡ್ಡವರದಾಗಿತ್ತು. ಅಂದಿನಿಂದ ನಮ್ಮದೂ ಆಯಿತು.

ಅಪ್ಪ ಅಮ್ಮನನ್ನೂ ಕರೆಯುತ್ತಿದ್ದರು. ಶನಿಯ ಉಂಗುರ ಕಂಡ ಮೊದಲ ಸಂಜೆ ಮಾಳಿಗೆಯ ಅಂಚಿಗೆ ಬಂದು ಬಗ್ಗಿ, "ಪಾರ್ವತೀ, ಒಂದು ನಿಮಿಷ ಬಂದು ಹೋಗೇ, ಇಂಥದ್ದು ನೋಡಿರಲ್ಲ ನೀನು," ಎಂದು ಕರೆದದ್ದು ನನಗೆ ಈಗಲೂ ಕೇಳಿಸುತ್ತದೆ. ಆ ದನಿಯಲ್ಲಿ ಹೊಸದಾಗಿ ಮದುವೆಯಾದವರ ಹುರುಪಿತ್ತು. ಕೆಳಗಿನಿಂದ ಬಂದದ್ದು ಯಾವಾಗಲೂ ಬರುತ್ತಿದ್ದ ಉತ್ತರ.

"ಒಲೆ ಮೇಲೆ ಹಾಲಿದೆ ಕಣ್ರೀ. ನೀವು ನೋಡಿ."

ಅಪ್ಪ ಸ್ವಲ್ಪ ಹೊತ್ತು ಅಂಚಿನಲ್ಲೇ ನಿಂತಿದ್ದು ವಾಪಸು ಬಂದರು. ಆಮೇಲೆ ಕರೆಯುವುದು ಕಡಿಮೆಯಾಯಿತು. ಒಂದು ಸಲ ಊಟಕ್ಕೆ ಕೂತಾಗ ನಮ್ಮ ಕಡೆ ನೋಡಿ, "ನಿಮ್ಮಮ್ಮನಿಗೆ ಇದೆಲ್ಲ ಕೆಲಸಕ್ಕೆ ಬಾರದ್ದು," ಎಂದರು. ಅಮ್ಮ ಅವರ ತಟ್ಟೆಗೆ ಹುರುಳಿ ಸಾರು ಬಿಟ್ಟಳು. ಸಾರು ತಟ್ಟೆಯ ಅಂಚಿಗೆ ಬಿದ್ದು ನೆಲಕ್ಕೆ ಹರಿಯಿತು. ಅದನ್ನು ಅವಳ ಕೋಪ ಎಂದು ನಾನು ತಿಳಿದೆ.

ನನ್ನ ತಮ್ಮ ಬಸವರಾಜ, ನಮ್ಮೆಲ್ಲರ ಬಸು, ಅಕ್ಕನಾದ ನನಗಿಂತ ನಾಲ್ಕು ವರ್ಷ ಚಿಕ್ಕವನು. ಮಾಳಿಗೆಯ ಮಕ್ಕಳಲ್ಲಿ ಅವನಷ್ಟು ಆಸೆಯವರು ಇನ್ನೊಬ್ಬರಿರಲಿಲ್ಲ. ಹಗಲಿನಲ್ಲಿ ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮೃಗಶಿರ, ರೋಹಿಣಿ, ಕೃತ್ತಿಕೆ ಎಲ್ಲವನ್ನೂ ಅಪ್ಪನ ಪುಸ್ತಕ ನೋಡಿ ಬರೆಯುತ್ತಿದ್ದ. ಅಜ್ಜಿ ಅದರ ಮೇಲೆ ನಡೆದರೆ ಅಳುತ್ತಿದ್ದ. ಸಂಜೆಯಾದರೆ ಅವನು ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಮುಸ್ಸಂಜೆಯಲ್ಲಿ ಅವರಿಬ್ಬರೂ ಕೈ ಕೈ ಹಿಡಿದು ಹಿತ್ತಿಲಿಗೆ ಹೋಗುವುದು, ಗೋಡೆಗೆ ಅಂಗೈ ಸವರುತ್ತ ಬರುವುದು, ಅಮ್ಮ ಅವನ ಕಿವಿಯಲ್ಲಿ ಏನೋ ಪಿಸುಗುಡುವುದು, ಇದನ್ನು ದಿನವೂ ಕಾಣುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು. ಅಮ್ಮನಿಗೆ ಅವನೇ ಹೆಚ್ಚು ಎಂದುಕೊಂಡಿದ್ದೆ. ಮಾಳಿಗೆ ಹತ್ತಿದ ಮೇಲೆ ಅವನು ಅಪ್ಪನ ಷರಟಿನ ತುದಿ ಹಿಡಿದು ಕೂರುತ್ತಿದ್ದ. "ಕಾಣ್ತಾ?" ಎಂದು ಅಪ್ಪ ಕೇಳುವುದೇ ತಡ, ಎಲ್ಲರಿಗಿಂತ ಮೊದಲು ಅವನೇ ಕೂಗುತ್ತಿದ್ದ. "ಕಾಣ್ತು ಅಪ್ಪಾ!"

ಅವನಿಗೆ ಹತ್ತು ವರ್ಷವಿರಬಹುದು. ಚಳಿಗಾಲದ ಒಂದು ಸಂಜೆ, ಉಳಿದವರೆಲ್ಲ ಎಣಿಸುತ್ತ ಕೂತಿದ್ದಾಗ, ಬಸು ಇದ್ದಕ್ಕಿದ್ದಂತೆ ಎದ್ದು ನಿಂತ.

"ಅಪ್ಪಾ, ಅಲ್ಲೊಂದು ಹೊಸದು. ರೋಹಿಣಿ ಪಕ್ಕ. ನಿನ್ನೆ ಇರ್ಲಿಲ್ಲ."

ಅಪ್ಪನಿಗೆ ಆಗ ಆದ ಸಂತೋಷವನ್ನು ನಾನು ಮತ್ತೆ ಅವರ ಮುಖದಲ್ಲಿ ಕಾಣಲಿಲ್ಲ. ಬಸುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, "ತೋರ್ಸು ಮರಿ, ಎಲ್ಲಿ, ಬೆರಳು ಹಿಡಿ," ಎಂದರು. ಅವನು ಬೆರಳು ಹಿಡಿದ. ಅಲ್ಲಿ ಅಪ್ಪನಿಗೆ ಏನೂ ಕಾಣಲಿಲ್ಲ. ಮಂಜು ಮುಸುಕಿರಬಹುದು, ಮಂಕಾದದ್ದಿರಬಹುದು ಎಂದುಕೊಂಡು ದುರ್ಬೀನು ತಿರುಗಿಸಿ ನೋಡಿದರು. ಮಾರನೆಯ ಸಂಜೆ ನೋಡಿದರು, ಅದರ ಮಾರನೆಯ ಸಂಜೆಯೂ ನೋಡಿದರು. ನನ್ನನ್ನು ಕೇಳಿದರು. ನನಗೆ ಕಾಣಲಿಲ್ಲ, ಇಲ್ಲ ಎಂದೆ. ಎದುರುಮನೆಯ ಪುಟ್ಟ ಗೌರಿಯನ್ನೂ ಕೇಳಿದರು. ಅವಳೂ ಇಲ್ಲ ಎಂದಳು. ಬಸು ಮಾತ್ರ ಇದೆ ಇದೆ ಎನ್ನುತ್ತಿದ್ದ. ಸಂತೋಷ ತಡೆಯಲಾರದೆ ಅಪ್ಪ ಮೊದಲ ದಿನವೇ ಶಾಲೆಯಲ್ಲಿ ಹೇಳಿಬಿಟ್ಟಿದ್ದರು. ವಾರ ಕಳೆಯುವುದರೊಳಗೆ ಅವರ ಜೊತೆಯ ಇಬ್ಬರು ಮೇಷ್ಟ್ರುಗಳು ಹೊಸ ನಕ್ಷತ್ರ ನೋಡಲು ನಮ್ಮ ಮಾಳಿಗೆ ಹತ್ತಿದರು.

"ಎಲ್ಲಪ್ಪಾ ನಿನ್ನ ನಕ್ಷತ್ರ? ತೋರ್ಸು," ಎಂದರು ಒಬ್ಬರು.

ಬಸು ಕೈಯೆತ್ತಿದ. ರೋಹಿಣಿ ಇದ್ದದ್ದು ನೆತ್ತಿಯ ಹತ್ತಿರ. ಅವನ ಬೆರಳು ಇದ್ದದ್ದು ಗಿರಿಯ ಸಾಲಿನ ಕಡೆಗೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಚೆನ್ನಾಗಿದೆ ಕಣ್ರೀ ಮೇಷ್ಟ್ರೇ, ಮನೇಲೇ ವಿಜ್ಞಾನಿ ಇಟ್ಕೊಂಡಿದೀರ," ಎಂದು ನಗುತ್ತ ಕೆಳಗಿಳಿದು ಹೋದರು. ಅವರ ಚಪ್ಪಲಿಯ ಸದ್ದು ಬೀದಿಯಲ್ಲಿ ಮರೆಯಾಯಿತು. ಆಮೇಲೆ ಅಪ್ಪ ಬಸುವಿನ ಕೆನ್ನೆಗೆ ಹೊಡೆದರು. ಅದಕ್ಕೆ ಮೊದಲು ಅವರು ನಮ್ಮಿಬ್ಬರಲ್ಲಿ ಯಾರ ಮೇಲೂ ಕೈ ಮಾಡಿದವರಲ್ಲ.

"ಇಲ್ಲದ್ದನ್ನ ಇದೆ ಅಂತೀಯಾ? ಏನ್ ಬೇಕಾದ್ರೂ ಮಾಡು, ಆಕಾಶದ ವಿಷ್ಯದಲ್ಲಿ ಸುಳ್ ಹೇಳ್ಬೇಡ. ಹೇಳು, ಯಾಕ್ ಹೇಳ್ದೆ? ಹೇಳೋ!"

ಮತ್ತೊಂದು ಏಟು ಬಿತ್ತು. ಬಸು ಅತ್ತು ಕೂಗಲಿಲ್ಲ. ಷರಟಿನ ತುದಿ ಕೈತಪ್ಪಿ ಹೋಗಿತ್ತು, ಅದಕ್ಕಾಗಿ ಗಾಳಿಯಲ್ಲಿ ತಡಕಾಡುತ್ತಿದ್ದ. ಅಷ್ಟರಲ್ಲಿ ಏಣಿ ಕಿರುಗುಟ್ಟಿತು. ನಾವೆಲ್ಲ ತಿರುಗಿ ನೋಡಿದೆವು. ಅಮ್ಮ ಹತ್ತಿ ಬರುತ್ತಿದ್ದಳು. ಒಂದೊಂದು ಮೆಟ್ಟಿಲನ್ನೂ ಮೊದಲು ಕೈಯಿಂದ ಮುಟ್ಟಿ, ಆಮೇಲೆ ಕಾಲಿಟ್ಟು, ಮಾಳಿಗೆಯ ಅಂಚು ಸಿಕ್ಕಿದ ಮೇಲೆ ಎರಡೂ ಅಂಗೈ ಮಣ್ಣಿಗೆ ಊರಿ ಅಂಬೆಗಾಲಿಡುವ ಕೂಸಿನಂತೆ ಬಂದಳು. ನನ್ನ ಅಮ್ಮ ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಅಪ್ಪನ ದನಿ ಬಂದ ಕಡೆಗೆ ಮುಖ ಮಾಡಿ, ಆದರೆ ಅಪ್ಪ ನಿಂತ ಜಾಗಕ್ಕೆ ಒಂದು ಮಾರು ಪಕ್ಕಕ್ಕೆ ನೋಡುತ್ತ, ಮಾತಾಡಿದಳು.

"ಹೊಡೀಬ್ಯಾಡಿ. ಮಗೂಗೆ ಕಾಣಲ್ಲ ಕಣ್ರೀ. ಕತ್ಲಾದ್ರೆ ಏನಂದ್ರೆ ಏನೂ ಕಾಣಲ್ಲ ಅವನಿಗೆ."

"ಏನಂದೆ?"

"ನನಗೂ ಕಾಣಲ್ಲ. ನೀವು ಕರೆದಾಗೆಲ್ಲ ಹಾಲಿದೆ ಅಂದೆ. ಹಾಲಿರ್ಲಿಲ್ಲ. ಹುಟ್ಟಿದಾಗಿಂದ ಒಂದು ನಕ್ಷತ್ರನೂ ಕಂಡಿಲ್ಲ ನಾನು."

ಅಪ್ಪ ಅಲ್ಲೇ ಕುಸಿದು ಕೂತರು. ಮಕ್ಕಳು ಒಬ್ಬೊಬ್ಬರಾಗಿ ಏಣಿ ಇಳಿದು ಹೋದರು. ಬಸು ದನಿ ಹಿಡಿದು ಅಮ್ಮನ ಹತ್ತಿರ ಸರಿದು, ಅವಳ ತೊಡೆಯ ಮೇಲೆ ತಲೆಯಿಟ್ಟ. ಅವನು ಹೇಳಿದ್ದು ಇಷ್ಟೇ: "ನನಗೂ ಒಂದು ಕಂಡ್ರೆ ನಿನಗೆ ಖುಷಿ ಆಗುತ್ತೆ ಅಂತ ಅಪ್ಪಾ." ಅಪ್ಪ ಅವನ ಕೆನ್ನೆ ಸವರಲು ಕೈ ಚಾಚಿದರು. ಕೈ ಹತ್ತಿರ ಬಂದದ್ದು ಅವನಿಗೆ ಕಾಣಲಿಲ್ಲ. ತಾಗಿದ ಕೂಡಲೇ ಬೆಚ್ಚಿಬಿದ್ದ. ಅಪ್ಪ ಅಳತೊಡಗಿದರು. ಅಂದು ಇಬ್ಬರನ್ನೂ ಏಣಿಯಿಂದ ಇಳಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ಅಪ್ಪ ಕೆಳಗೆ ನಿಂತು ಅಮ್ಮನ ಪಾದವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಮೆಟ್ಟಿಲಿಗೆ ಇಡಿಸಿದರು.

ಕಡೂರಿನಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟು, ಕೆಲವರಿಗೆ ಇದರಿಂದಲೇ ಸರಿಹೋಗುತ್ತದೆ, ಆಗದಿದ್ದರೆ ಬೆಂಗಳೂರಿಗೆ ಹೋಗಿ ಎಂದರಂತೆ. ಲಿಂಗಪೂಜೆಯಾಗದೆ ಒಂದು ಗುಟುಕು ನೀರು ಕುಡಿಯದ ಅಜ್ಜಿಯ ಮನೆ ಅದು. ಮೊಟ್ಟೆ ಕೂಡ ಆ ಹೊಸ್ತಿಲು ದಾಟಿದ್ದಿಲ್ಲ. ಮೊದಲು ಅಮ್ಮ ಗುಳಿಗೆಗಳನ್ನು ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಬಚ್ಚಿಟ್ಟು, ಅಲ್ಲೇ ಬಸುವಿಗೆ ನುಂಗಿಸಿ, ತಾನೂ ನುಂಗಿ, ಬಾಯಿ ತೊಳೆದು ಒಳಗೆ ಬರುತ್ತಿದ್ದಳು. ಒಂದು ದಿನ ಅಜ್ಜಿ ಪೂಜೆ ಮುಗಿಸಿ ಎದ್ದವಳು, ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ, ನೆಟ್ಟಗೆ ಹಿತ್ತಿಲಿಗೆ ಹೋಗಿ ಆ ಡಬ್ಬಿ ತಂದು ಅಡುಗೆಮನೆಯಲ್ಲಿ ಇಟ್ಟಳು. ಬಸುವನ್ನು ಕರೆದು ತನ್ನ ಕೈಯಿಂದಲೇ ಗುಳಿಗೆ ಅವನ ನಾಲಗೆಯ ಮೇಲಿಟ್ಟಳು. ಆಮೇಲೆ ಎರಡನೆಯ ಸಲ ಸ್ನಾನ ಮಾಡಿದಳು. ದಿನವೂ ಹೀಗೇ ನಡೆಯಿತು. ಇದನ್ನು ನೋಡಿ ಅನುಮಾನ ಬಂದ ಅಪ್ಪ ಒಂದು ದಿನ ಊಟಕ್ಕೆ ಕೂತಾಗ ಕೇಳಿದರು.

"ಅವ್ವಾ, ನಿನಗೆ ಗೊತ್ತಿತ್ತಾ?"

"ನಮ್ಮಪ್ಪನಿಗೂ ಇರುಳುಗಣ್ಣಿತ್ತು ಕಣಪ್ಪಾ. ಹಗಲೆಲ್ಲ ಉತ್ತ, ಬಿತ್ತ. ಕತ್ಲಾದ್ರೆ ಜಗಲಿ ಮೇಲೆ ಕೂತ್ಕಳೋನು. ಅದೇನು ರೋಗ ಅಂತ ಯಾರಂದ್ಕಂಡ್ರು? ಅಣ್ಣನ ಮಗಳು ಪಾರ್ವತಿ ಹಂಗೇ ಆದ್ಲು. ಹೊರಗೆ ಕೊಟ್ರೆ ಅವಳನ್ನ ಯಾರ್ ಬಾಳಿಸ್ತಾರೆ ಹೇಳು. ಅದ್ಕೇ ತಂದ್ಕಂಡೆ."

ಅಪ್ಪ ಊಟದ ತಟ್ಟೆ ದೂಡಿ ಎದ್ದರು. ಆ ಮೇಲೆ ಬಹಳ ದಿನ ತಾಯಿ ಮಗನ ನಡುವೆ ಮಾತಿರಲಿಲ್ಲ. ಅಜ್ಜಿ ತನ್ನ ಮುದ್ದೆಯನ್ನು ಒಬ್ಬಳೇ ನಡುಮನೆಯಲ್ಲಿ ಕೂತು ಉಣ್ಣುತ್ತಿದ್ದಳು. ಅವಳು ಮಾಡಿದ್ದು ತಪ್ಪೋ ಕರುಣೆಯೋ ಎಂದು ಈ ವಯಸ್ಸಿನಲ್ಲೂ ನನಗೆ ತೀರ್ಮಾನ ಮಾಡಲಾಗಿಲ್ಲ. ಗುಳಿಗೆಗಳಿಂದ ಏನೂ ಆಗಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಇಬ್ಬರ ಕಣ್ಣನ್ನೂ ನೋಡಿದ ಮೇಲೆ ಅಪ್ಪನನ್ನು ಒಂದೇ ಪ್ರಶ್ನೆ ಕೇಳಿದರಂತೆ: ನೀವು ಗಂಡ ಹೆಂಡತಿ ಸಂಬಂಧದವರಾ? ಸೋದರಮಾವನ ಮಗಳು ಎಂದರಂತೆ ಅಪ್ಪ. ಇದಕ್ಕೆ ಔಷಧಿ ಇಲ್ಲ, ನೋಟ ಸುತ್ತಲಿನಿಂದ ಮುಚ್ಚಿಕೊಂಡು ಬರುತ್ತದೆ, ನಡುವಿನದು ಕೊನೆಯವರೆಗೆ ಉಳಿಯುತ್ತದೆ, ಹಗಲಿನಲ್ಲಿ ಆದಷ್ಟು ಕಲಿಸಿಬಿಡಿ ಎಂದರಂತೆ ಡಾಕ್ಟರು. ನನ್ನ ಕಣ್ಣನ್ನೂ ನೋಡಿದರು, ಏನೂ ತೊಂದರೆಯಿಲ್ಲ ಎಂದರು. ವಾಪಸು ಬರುವಾಗ ರೈಲಿನಲ್ಲಿ ಬಸು ಕಿಟಕಿಯ ಪಕ್ಕ ಕೂತು ಹೊರಗೆ ಕಂಡದ್ದನ್ನೆಲ್ಲ ನನಗೆ ಹೇಳುತ್ತಿದ್ದ. ಬೀರೂರು ದಾಟುವ ಹೊತ್ತಿಗೆ ಹೊರಗೆ ಕತ್ತಲಾಯಿತು. ಅವನು ಸುಮ್ಮನಾದ.

ದುರ್ಬೀನನ್ನು ಅಪ್ಪ ಹಳೆಯ ದುಪ್ಪಟಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಮಕ್ಕಳು ಎರಡು ಮೂರು ಶನಿವಾರ ಬಂದರು, ಬಾಗಿಲಲ್ಲಿ ನಿಂತರು, ಅಪ್ಪ ಹೊರಗೆ ಬರದಿದ್ದುದನ್ನು ನೋಡಿ ಹೋದರು. ಆ ಬೇಸಿಗೆಯೆಲ್ಲ ಮಾಳಿಗೆಯ ಮೇಲೆ ಸಂಡಿಗೆ ಬಿಟ್ಟು ಬೇರೇನೂ ಇರಲಿಲ್ಲ. ಅಪ್ಪ ಶಾಲೆಯಿಂದ ಬಂದರೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಅಮ್ಮ ಮೊದಲಿನಂತಿರಲಿಲ್ಲ. ಬಚ್ಚಿಡಬೇಕಾದ್ದು ಏನೂ ಉಳಿದಿರಲಿಲ್ಲವಲ್ಲ. ಸಂಜೆ ಧೈರ್ಯವಾಗಿ ನನ್ನ ಹೆಗಲು ಹಿಡಿದು ಜಗಲಿಗೆ ಬಂದು ಕೂರುತ್ತಿದ್ದಳು. ಒಂದು ಭಾನುವಾರ ಬೆಳಗ್ಗೆ ಅಕ್ಕಿ ಆರಿಸುತ್ತ ಅಪ್ಪನನ್ನು ಕೇಳಿದಳು.

"ಅಲ್ಲಾ, ಹಗಲೊತ್ತು ಆಕಾಶದಲ್ಲಿ ನೋಡೋಕೆ ಏನೂ ಇರಲ್ವೇನ್ರೀ?"

"ಸೂರ್ಯ ಇದಾನೆ."

"ಅವನನ್ನೇ ತೋರ್ಸಿ ಮತ್ತೆ. ಆ ಮಗು ನೆಲ ನೋಡ್ಕಂಡು ಎಷ್ಟು ದಿನ ಕೂತಿರುತ್ತೆ?"

ಸೂರ್ಯನನ್ನು ದುರ್ಬೀನಿನಲ್ಲಿ ನೇರ ನೋಡುವಂತಿಲ್ಲ, ನೋಡಿದರೆ ಕಣ್ಣೇ ಹೋಗುತ್ತದೆ ಎಂದು ಹೇಳಹೊರಟ ಅಪ್ಪ ಅರ್ಧಕ್ಕೇ ತಡೆದರು. ಆಮೇಲೆ ಎದ್ದು ಹೋಗಿ ಅಟ್ಟದಿಂದ ದುಪ್ಪಟಿಯ ಗಂಟನ್ನು ಇಳಿಸಿದರು. ಅಂಗಳದಲ್ಲಿ ಮುಕ್ಕಾಲಿಯ ಮೇಲೆ ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿ, ಅದರ ಹಿಂದೆ ಒಂದು ಹಲಗೆಗೆ ಬಿಳಿ ಕಾಗದ ಸಿಕ್ಕಿಸಿ ಹಿಡಿದರು. ಕಾಗದದ ಮೇಲೆ ತಟ್ಟೆಯಗಲದ ಸೂರ್ಯ ಬಂದು ಕೂತ. ಅದರ ಮೈಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ, ಕೆಲವು ಒಂಟಿ, ಕೆಲವು ಗುಂಪು. ಕೊಳೆ ಇರಬೇಕೆಂದು ಅಮ್ಮ ಸೆರಗಿನಿಂದ ಕಾಗದ ಒರೆಸಿದಳು. ಕೊಳೆಯಲ್ಲ, ಸೂರ್ಯನದೇ ಕಲೆಗಳು ಎಂದರು ಅಪ್ಪ. ಬಸು ಮೂಗು ತಾಗುವಷ್ಟು ಹತ್ತಿರ ಬಗ್ಗಿ ಒಂದೊಂದನ್ನೇ ನೋಡಿದ. ಈ ಸಲ ಕೂಗಲಿಲ್ಲ. ಪೆನ್ಸಿಲ್ ಕೇಳಿದ.

ಅಂದಿನಿಂದ ಅಪ್ಪನ ಶಾಲೆ ಹಗಲಿಗೆ ಬದಲಾಯಿತು. ಭಾನುವಾರ ಬೆಳಗ್ಗೆ ಮಕ್ಕಳು ಮತ್ತೆ ಬಂದರು, ಮೊದಲಿಗಿಂತ ಹೆಚ್ಚು ಬಂದರು. ಕತ್ತಲಾದ ಮೇಲೆ ಹೊರಗೆ ಬಿಡದ ಮನೆಗಳ ಹೆಣ್ಣುಮಕ್ಕಳೂ ಬಂದರು. ಪ್ರತಿಯೊಬ್ಬರೂ ದುಂಡನೆಯ ಗೆರೆ ಎಳೆದ ಕಾಗದದಲ್ಲಿ ಕಲೆಗಳನ್ನು ಗುರುತು ಹಾಕಬೇಕು. ಹೋದ ವಾರದ ಕಲೆ ಈ ವಾರ ಎಲ್ಲಿಗೆ ಸರಿದಿದೆ, ಅಂಚಿನಲ್ಲಿ ಮರೆಯಾದದ್ದು ಆಚೆ ಸುತ್ತಿ ಮತ್ತೆ ಬಂತೇ ಎಂದು ಅವರೇ ಹೇಳಬೇಕು. ಸೂರ್ಯ ತಿರುಗುತ್ತಾನೆ ಎಂದು ಅಪ್ಪ ಯಾರಿಗೂ ಹೇಳಿರಲಿಲ್ಲ. ಅದನ್ನು ಬಸು ತನ್ನ ಕಾಗದಗಳನ್ನು ಸಾಲಾಗಿ ನೆಲದ ಮೇಲೆ ಹರಡಿಕೊಂಡು ಕೂತಾಗ ತಾನಾಗಿ ಕಂಡುಕೊಂಡ. "ಅಪ್ಪಾ, ಇದು ಸುತ್ತುತ್ತೆ!" ಎಂದು ಅಡುಗೆಮನೆಗೆ ಓಡಿಹೋಗಿ ಮೊದಲು ಅಮ್ಮನಿಗೆ ಹೇಳಿದ. ಎಂದೋ ಯಾರೋ ಕಂಡುಹಿಡಿದದ್ದೇ ಅದು, ನನಗೂ ಗೊತ್ತಿತ್ತು. ಆದರೆ ಅಪ್ಪ ಅವನಿಗೆ ಅದನ್ನು ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ.

ಅದೇ ಸಮಯದಲ್ಲಿ ಆ ದೊಡ್ಡ ಸೂರ್ಯಗ್ರಹಣ ಬಂತು. ನಮ್ಮಿಂದ ಉತ್ತರದ ಊರುಗಳಲ್ಲಿ ಪೂರ್ತಿ ಕತ್ತಲೆಯಾಗುತ್ತದಂತೆ, ನಮ್ಮಲ್ಲಿ ಬಹುಪಾಲು ಮುಚ್ಚುತ್ತದಂತೆ ಎಂದು ಊರೆಲ್ಲ ಅದೇ ಮಾತು. ಆ ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಅಜ್ಜಿ ನೀರಿನ ಹಂಡೆಗೆ ಗರಿಕೆ ಹಾಕಿ, ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿ, ಅಂಗೈಯಲ್ಲಿ ಲಿಂಗ ಹಿಡಿದು ನಡುಮನೆಯಲ್ಲಿ ಕೂತಳು. ಅಪ್ಪನಿಗೂ ಬೇಕಾದದ್ದು ಅದೇ, ಕತ್ತಲೆ ಪಡಸಾಲೆ. ಬೆಳಗ್ಗೆಯೇ ಅವರು ಮಾಳಿಗೆಯ ಬೆಳಕಿಂಡಿಗೆ ತಗಡು ಮುಚ್ಚಿ, ಅದರಲ್ಲಿ ಮೊಳೆಯಿಂದ ಒಂದು ತೂತು ಮಾಡಿಟ್ಟಿದ್ದರು. ಆ ತೂತಿನಿಂದ ಬಂದ ಬಿಸಿಲಿನ ಎಳೆ ಸುಣ್ಣದ ಗೋಡೆಯ ಮೇಲೆ ರೂಪಾಯಿಯಗಲದ ಸೂರ್ಯನನ್ನು ಮೂಡಿಸಿತ್ತು. ನಾವೆಲ್ಲ ಗೋಡೆಯ ಮುಂದೆ ಕೂತೆವು. ಮೊದಲು ಒಂದು ಅಂಚು ಕಚ್ಚಿದಂತಾಯಿತು, ಆಮೇಲೆ ಅರ್ಧ, ಆಮೇಲೆ ಸಣ್ಣ ಗೆರೆ.

"ಅಯ್ಯೋ, ಕುಡುಗೋಲು ಆಗೋಯ್ತು ನೋಡ್ರೀ!" ಎಂದಳು ಅಮ್ಮ. ಅವಳ ದನಿಯಲ್ಲಿ ಅಷ್ಟು ಚಿಕ್ಕ ಹುಡುಗಿ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ. "ಬಸೂ, ಕಾಣ್ತೇನೋ? ನನಗೆ ಕಾಣ್ತಿದೆ ಕಣೋ!"

"ನನಗೂ ಕಾಣ್ತಿದೆ ಅಮ್ಮಾ."

ಎಷ್ಟೋ ವರ್ಷದಿಂದ ಆ ದಿನಕ್ಕೆ ಕಾದಿದ್ದ ಅಪ್ಪ ಗೋಡೆಯ ಕಡೆ ನೋಡಲೇ ಇಲ್ಲ. ಗೋಡೆಯಿಂದ ಬಂದ ಅಷ್ಟೇ ಅಷ್ಟು ಬೆಳಕಿನಲ್ಲಿ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಗ್ರಹಣ ಬಿಟ್ಟ ಮೇಲೆ ಅಜ್ಜಿ ಸ್ನಾನ ಮಾಡಿ ಬಂದು, ಮಗನ ಪಕ್ಕ ಕೂತು, "ಊಟಕ್ಕೆ ಏಳಪ್ಪಾ," ಎಂದಳು. ಅಪ್ಪ ಎದ್ದರು. ಅಂದು ಅಜ್ಜಿ ನಮ್ಮ ಜೊತೆ ಪಡಸಾಲೆಯಲ್ಲೇ ಉಂಡಳು.

ಅಂಥ ವರ್ಷಗಳು ನಮಗೆ ಹೆಚ್ಚು ಸಿಗಲಿಲ್ಲ. ಮುಂದಿನ ವರ್ಷಗಳಲ್ಲಿ ಸೂರ್ಯನ ಮೇಲಿನ ಕಲೆಗಳೇ ಕಡಿಮೆಯಾಗುತ್ತ ಬಂದವು. ಅದು ಸೂರ್ಯನ ಕ್ರಮ, ಕೆಲವು ವರ್ಷ ಏರುತ್ತವೆ, ಕೆಲವು ವರ್ಷ ಇಳಿಯುತ್ತವೆ. ಬಸುವಿನ ಕಾಗದದ ಚುಕ್ಕೆಗಳೂ ಕಡಿಮೆಯಾಗುತ್ತ ಬಂದವು. ಎರಡರಲ್ಲಿ ಯಾವುದು ಎಷ್ಟು ಎಂದು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯುವುದು ಬೇಡವಾಗಿಯೂ ಇತ್ತು. ಅವನು ಬಾಗಿಲ ಚೌಕಟ್ಟಿಗೆ ಹೆಗಲು ಬಡಿದುಕೊಳ್ಳತೊಡಗಿದ. ನೆಲದ ಮೇಲೆ ಕೂತವರನ್ನು ಎಡವತೊಡಗಿದ. ಪುಸ್ತಕದ ಸಾಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಓದುತ್ತಿದ್ದ. ಅಮ್ಮನಿಗೆ ಆಗಲೇ ಹಗಲೂ ಮಂಜಾಗಿ, ಅಡುಗೆಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಒಬ್ಬಳೇ ಓಡಾಡಲು ಆಗುತ್ತಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅಮ್ಮನ ಕೈ ಹಿಡಿಯುವವಳು ನಾನೇ. ನಾನು ಕಡೂರಿಗೆ ಕಾಲೇಜಿಗೆ ಹೋದ ದಿನಗಳಲ್ಲಿ ಎದುರುಮನೆಯ ಗೌರಿ.

ಬಸು ಹತ್ತನೆಯ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ. ಕಾಗದದ ಮೇಲೆ, ಬಹಳ ದಿನಗಳ ನಂತರ, ನಟ್ಟ ನಡುವೆ ಕಲೆಗಳ ಒಂದು ಗುಂಪು ಎದ್ದು ಕಾಣುತ್ತಿತ್ತು. ಮಕ್ಕಳು ಪಿಸುಗುಟ್ಟುತ್ತ ಬರೆದುಕೊಂಡರು. ಬಸು ಎಂದಿನಂತೆ ಮುಖ ಹತ್ತಿರ ತಂದು, ತಲೆಯನ್ನು ಅತ್ತಿತ್ತ ಓರೆ ಮಾಡಿ, ತುಂಬ ಹೊತ್ತು ನೋಡಿದ. ದುಂಡನೆಯ ಗೆರೆ ಎಳೆದ. ಒಳಗೆ ಏನೂ ಹಾಕದೆ ಕಾಗದವನ್ನು ಅಪ್ಪನ ಕೈಗೆ ಕೊಟ್ಟ.

"ಈ ವಾರ ಇಲ್ಲಪ್ಪಾ. ಖಾಲಿ."

ಒಬ್ಬ ಹುಡುಗ ಬಾಯಿ ತೆರೆದ. ಗೌರಿ ಅವನ ತೋಳು ಜಿಗುಟಿದಳು. ಅಪ್ಪ ಆ ಖಾಲಿ ಸೂರ್ಯನನ್ನು ನೋಡಿ, "ಹೂಂ ಮರಿ, ಸರಿ," ಎಂದರು. ಅವರ ದನಿ ಸರಿಯಿರಲಿಲ್ಲವೆಂದು ಬಸುವಿಗೆ ತಿಳಿದಿರಬೇಕು. ಅಂದು ಸಂಜೆ ಅವನೇ ಬಂದು ಅಪ್ಪನ ಪಕ್ಕ ಕೂತು, "ಕುರುಡರ ಶಾಲೆ ಅಂತ ಇರುತ್ತಂತಲ್ಲಪ್ಪಾ, ಅಲ್ಲಿಗೆ ಕಳ್ಸು ನನ್ನ," ಎಂದ. ಆ ಶಬ್ದವನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಅವನು ಹೋದ. ಅಲ್ಲಿ ಬೆರಳಿನಿಂದ ಓದುವುದನ್ನು ಕಲಿತ, ಆಮೇಲೆ ಶಿವಮೊಗ್ಗದ ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆದ, ಮದುವೆಯಾದ, ಈಗ ಸ್ವಯಂ ನಿವೃತ್ತಿ ಪಡೆದಿದ್ದಾನೆ. ಇದೆಲ್ಲ ಮುಂದಿನ ಮಾತು. ಅಂದು ನಮಗೆ ಇದು ಯಾವುದೂ ಗೊತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಅಮ್ಮ ಅವನ ಮುಖವನ್ನು ಎರಡೂ ಕೈಯಿಂದ ಹಣೆಯಿಂದ ಗಲ್ಲದವರೆಗೆ ಸವರಿ ಬಿಟ್ಟುಬಿಟ್ಟಳು. ಅಪ್ಪ ಅವನನ್ನು ಸೇರಿಸಿ ಒಬ್ಬರೇ ವಾಪಸು ಬಂದವರು ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡರು. ಮುಖ ಗೋಡೆಯ ಕಡೆಗೆ.

ಭಾನುವಾರ ಬೆಳಗ್ಗೆ ಮಕ್ಕಳು ಬಂದರು. ಬಾಗಿಲಲ್ಲಿ ನಿಂತರು. ಇವತ್ತು ಇಲ್ಲ, ಮನೆಗೆ ಹೋಗಿ ಎಂದು ಹೇಳಲು ನಾನು ಹೊರಟಿದ್ದೆ. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದು ಹೊರಗೆ ಬಂದಳು.

"ನಿಂತ್ಕೊಳ್ರೋ. ಶಾಂತಾ, ದುರ್ಬೀನು ತಾರೇ. ಎಲ್ಲಿಡ್ತಿದ್ರು ನಿಮ್ಮಪ್ಪ, ತುಳಸಿಕಟ್ಟೆ ಹತ್ರ ಅಲ್ವಾ?"

ನಾನು ತಂದಿಟ್ಟೆ. ಮಕ್ಕಳು ಅತ್ತ ಇತ್ತ ತಿರುಗಿಸಿ ಹೇಗೋ ಸೂರ್ಯನನ್ನು ಕಾಗದಕ್ಕೆ ತಂದರು. ಅಮ್ಮ ಹಲಗೆಯ ಮುಂದೆ ನೆಲದ ಮೇಲೆ ಕೂತು, "ಏನ್ ಕಾಣ್ತಿದೆ, ಹೇಳ್ರಿ," ಎಂದಳು.

"ಒಂದೇ ಒಂದು ಕಲೆ ಇದೆ ದೊಡ್ಡಮ್ಮ," ಎಂದಳು ಗೌರಿ.

"ಎಲ್ಲಿ? ಬೆರಳು ಹಿಡಿದು ತೋರ್ಸು."

ಗೌರಿ ಅವಳ ತೋರುಬೆರಳನ್ನು ಹಿಡಿದು ಕಾಗದದ ಮೇಲಿಟ್ಟಳು.

"ಇಲ್ಲಾ? ಬರೀ ಕಾಗದ ಕಣೇ ಇದು."

"ಸರಿಯಾಗಿ ಅದರ ಮೇಲೇ ಇದೆ ದೊಡ್ಡಮ್ಮ ನಿಮ್ಮ ಬೆರಳು."

ಅಮ್ಮ ಬೆರಳನ್ನು ಕದಲಿಸದೆ ಕೂತಳು. ದುರ್ಬೀನು ನಿಂತಲ್ಲೇ ನಿಂತಿದ್ದರೂ ಸೂರ್ಯ ನಿಲ್ಲುವವನಲ್ಲ. ಕಾಗದದ ಮೇಲಿನ ಬಿಂಬ ಮೆಲ್ಲಗೆ ಸರಿಯತೊಡಗಿತು. ಕಲೆ ಅವಳ ಬೆರಳಿನಿಂದ ಜಾರಿತು. ಬೆಳಕಿನ ಅಂಚು ಅವಳ ಉಗುರು ದಾಟಿತು. ಅವಳಿಗೆ ಅದು ತಿಳಿಯಲಿಲ್ಲ. ಮಕ್ಕಳಿಗೆ ತಿರುಗಿಸಲು ಬರಲಿಲ್ಲ. "ಹೋಗ್ತಿದೆ, ಹೋಗ್ತಿದೆ, ಸೂರ್ಯ ಹೋಗ್ತಿದೆ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಪಡಸಾಲೆಯಲ್ಲಿ ಚಾಪೆ ಸರಿದ ಸದ್ದಾಯಿತು. ಅಪ್ಪ ಹೊರಗೆ ಬಂದರು. ಯಾರ ಮುಖವನ್ನೂ ನೋಡದೆ ಬಗ್ಗಿ, ಎಡಗೈಯಿಂದ ಮುಕ್ಕಾಲಿ ಹಿಡಿದು, ಬಲಗೈಯಿಂದ ಕೊಳವೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಸೂರ್ಯ ಮೆಲ್ಲಗೆ ವಾಪಸು ಬಂದು ಅಮ್ಮನ ಬೆರಳಿನ ಕೆಳಗೆ ನಿಂತ.